ನಲವತ್ತೊಂದು ಮೆಟ್ಟಿಲು

ವಿಶ್ವವಿದ್ಯಾಲಯದ ಆಡಳಿತ ಭವನಕ್ಕೆ ನಲವತ್ತೊಂದು ಮೆಟ್ಟಿಲು. ಎಲ್ಲ ಬಿಳಿ ಅಮೃತಶಿಲೆ. ಇಪ್ಪತ್ತಾರು ವರ್ಷದಿಂದ ಅವನ್ನು ತೊಳೆಯುತ್ತಿದ್ದವಳು ಒಬ್ಬಳೇ ಹೆಂಗಸು. ಭವನದವರ ಬಾಯಲ್ಲಿ ಅವಳು ಮೆಟ್ಟಿಲಮ್ಮ.

ಬೆಳಗ್ಗೆ ಆರಕ್ಕೆ ಕೆಲಸ ಶುರು. ಮೊದಲು ಪೊರಕೆ, ಆಮೇಲೆ ಸೋಪಿನ ನೀರು, ಆಮೇಲೆ ಬರೀ ನೀರು, ಕೊನೆಗೆ ಒಣಬಟ್ಟೆ. ಮೇಲಿನಿಂದ ಕೆಳಕ್ಕೆ ಹಿಂದೆ ಹಿಂದೆ ಸರಿಯುತ್ತ, ಮಂಡಿಯೂರಿ ಇಳಿಯಬೇಕು. ಕೋಲಿಗೆ ಬಟ್ಟೆ ಕಟ್ಟಿ ನಿಂತು ಒರೆಸಿದರೆ ಗೆರೆ ಉಳಿಯುತ್ತದೆ ಎಂದು ಮೇಸ್ತ್ರಿ ಬಿಡುತ್ತಿರಲಿಲ್ಲ. ಮೇಸ್ತ್ರಿ ಎಂದರೆ ಗುತ್ತಿಗೆದಾರನ ಕಡೆಯ ಆಳು. ಕಸ ಗುಡಿಸುವ ಹನ್ನೆರಡು ಹೆಂಗಸರ ಹಾಜರಿ, ರಜೆ, ಬೈಗುಳ ಎಲ್ಲ ಅವನ ಕೈಯಲ್ಲಿ. ಮೆಟ್ಟಿಲಮ್ಮನ ಮಂಡಿಯ ಚರ್ಮ ಹಿಮ್ಮಡಿಯಷ್ಟು ದಪ್ಪಗಾಗಿತ್ತು. ಮಳೆಗಾಲದಲ್ಲಿ ಅದು ಬಿರಿದು ರಕ್ತ ಬರುತ್ತಿತ್ತು. ಆಗ ಅವಳು ಹಳೇ ಸೀರೆಯ ತುಂಡು ಕಟ್ಟಿಕೊಂಡು ತೊಳೆಯುತ್ತಿದ್ದಳು, ಕಲ್ಲಿಗೆ ಕಲೆಯಾಗಬಾರದೆಂದು.

ಐದು ಜನ ಕುಲಪತಿಗಳನ್ನು ಅವಳು ಕಂಡಿದ್ದಳು. ಕಂಡದ್ದು ಅಂದರೆ ಅವರ ಬೂಟುಗಳನ್ನು. ಒಬ್ಬರದು ಕಿರ್ ಕಿರ್ ಅನ್ನುತ್ತಿತ್ತು. ಒಬ್ಬರು ಬೂಟಿನ ಕೆಸರನ್ನು ಅವಳ ಕೈಯಲ್ಲಿದ್ದ ಬಟ್ಟೆಗೇ ಒರೆಸಿ, ಒಂದು ಮಾತೂ ಆಡದೆ ಹತ್ತಿ ಹೋಗಿದ್ದರು. ಬಂದ ಪ್ರತಿಯೊಬ್ಬರೂ ಒಂದು ದಪ್ಪ ಪುಸ್ತಕ ಮಾಡಿಸುತ್ತಿದ್ದರು. ಉನ್ನತ ಶಿಕ್ಷಣದ ಮುಂದಿನ ಇಪ್ಪತ್ತು ವರ್ಷ ಹೇಗಿರಬೇಕು ಅನ್ನುವ ಪುಸ್ತಕ. ಮುಖಪುಟದ ಮೇಲೆ ನಗುವ ಹುಡುಗಿ. ಕುಲಪತಿ ಬದಲಾದ ದಿನ ಆ ಪುಸ್ತಕದ ಕಟ್ಟುಗಳನ್ನು ತಲೆಯ ಮೇಲೆ ಹೊತ್ತು ಹಿಂದಿನ ಉಗ್ರಾಣಕ್ಕೆ ಹಾಕುವ ಕೆಲಸ ಈ ಹೆಂಗಸರದು. ಇಪ್ಪತ್ತು ವರ್ಷದ ಯೋಜನೆ ನಾಲ್ಕನೇ ವರ್ಷಕ್ಕೆ ಗೆದ್ದಲಿನ ಪಾಲು. ಕಕ್ಕಸು ತೊಳೆಯುವ ಕುಳ್ಳಿ, ಮೆಟ್ಟಿಲಮ್ಮನ ಜೊತೆಗಾತಿ, ಕಟ್ಟು ಇಳಿಸಿ ಕತ್ತು ತಿರುವುತ್ತ, ‘ಭವಿಷ್ಯ ಭಾರಿ ಭಾರ ಕಣಕ್ಕ’ ಎಂದು ನಗಿಸುತ್ತಿದ್ದಳು.

ಆರನೆಯ ಕುಲಪತಿಯ ಪುಸ್ತಕದ ಕರಡು ಅವರಿಗಿಂತ ಮೊದಲೇ ಬಂತು. ಅದಕ್ಕೆ ಮುನ್ನೋಟ ಎಂದು ಹೆಸರು. ಅಚ್ಚಿಗೆ ಹೋಗುವ ಮುಂಚೆ ಎಲ್ಲರ ಅಭಿಪ್ರಾಯ ಕೇಳುತ್ತೇವೆಂದು ದೊಡ್ಡ ಸಭಾಂಗಣದಲ್ಲಿ ಸಭೆ ಕರೆದರು. ಪ್ರಾಧ್ಯಾಪಕರು ಕಡಿಮೆ ಬಂದರು. ಫೋಟೋದಲ್ಲಿ ಕುರ್ಚಿ ಖಾಲಿ ಕಾಣುತ್ತದೆಂದು ಮೇಸ್ತ್ರಿ ಈ ಹನ್ನೆರಡು ಜನರನ್ನು ತಂದು ಹಿಂದಿನ ಸಾಲಿನಲ್ಲಿ ಕೂರಿಸಿದ. ಪೊರಕೆ ಹೊರಗಿಟ್ಟು ಬನ್ನಿ, ಬಾಯಿ ಬಿಡಬೇಡಿ ಎಂದ.

ಪರದೆಯ ಮೇಲೆ ಚಿತ್ರಗಳು ಬಂದವು, ಹೋದವು. ಕುಲಸಚಿವರು ಓದುತ್ತ ಹೋದರು. ಒಂದು ಕಡೆ ಸಂಜೆ ಕಾಲೇಜು ಅನ್ನುವ ಮಾತು ಮೆಟ್ಟಿಲಮ್ಮನ ಕಿವಿಗೆ ಬಿತ್ತು. ಅವಳು ನೆಟ್ಟಗೆ ಕೂತಳು.

ಅವಳ ಮಗಳು ಓದುತ್ತಿದ್ದದ್ದು ಆ ಸಂಜೆ ಕಾಲೇಜಿನಲ್ಲೇ. ಹಗಲು ಹಾಸ್ಟೆಲಿನ ಬಟ್ಟೆ ಒಗೆಯುವ ಕೋಣೆಯಲ್ಲಿ ನೂರಾರು ಹೊದಿಕೆ ಹಿಂಡುತ್ತಿದ್ದಳು. ಸಂಜೆ ಆರಕ್ಕೆ ಕೈ ಒರೆಸಿಕೊಂಡು ತರಗತಿಗೆ ಓಡುತ್ತಿದ್ದಳು. ಬಿ.ಎ. ಕೊನೆಯ ವರ್ಷ. ಅಲ್ಲಿ ಓದುತ್ತಿದ್ದವರೆಲ್ಲ ಹಾಗೇ. ಗಾರೆ ಕೆಲಸದವರು, ಅಂಗಡಿಯಲ್ಲಿ ನಿಲ್ಲುವವರು, ಆಸ್ಪತ್ರೆಯ ಆಯಾಗಳು. ಅಕ್ಷರ ಗೊತ್ತಿಲ್ಲದ ತಾಯಿಗೆ ಮಗಳು ಊಟದ ಹೊತ್ತಿಗೆ ಪಾಠ ಹೇಳುತ್ತಿದ್ದಳು. ತಾಯಿಗೆ ಅರ್ಧ ಅರ್ಥವಾಗುತ್ತಿತ್ತು, ಅರ್ಧ ಆಗುತ್ತಿರಲಿಲ್ಲ. ಆದರೂ ಅನ್ನ ಆರುವ ತನಕ ಕೇಳುತ್ತಿದ್ದಳು.

ಪ್ರಶ್ನೆ ಇದೆಯಾ ಎಂದು ವೇದಿಕೆಯಿಂದ ಕೇಳಿದರು. ಮೆಟ್ಟಿಲಮ್ಮ ಎದ್ದು ನಿಂತಳು. ಮೈಕು ಹಿಡಿದವನು ತಪ್ಪಿ ಅವಳ ಬಾಯಿಗೆ ಹಿಡಿದುಬಿಟ್ಟ.

“ಸಂಜೆ ಕಾಲೇಜು ಇರುತ್ತಾ, ಹೋಗುತ್ತಾ?”

ಸಭೆಯಲ್ಲಿ ನಗು ಎದ್ದಿತು. ಕುಲಸಚಿವರೂ ನಕ್ಕರು. ನಮ್ಮ ಭವನದ ಸ್ವಚ್ಛತೆಗೆ ಕಾರಣರಾದ ತಾಯಿ ಇವರು, ಜೋರಾಗಿ ಚಪ್ಪಾಳೆ ತಟ್ಟಿ ಎಂದರು. ಎಲ್ಲರೂ ತಟ್ಟಿದರು. ಆ ಚಪ್ಪಾಳೆಯಲ್ಲಿ ಅವಳ ಪ್ರಶ್ನೆ ಸತ್ತುಹೋಯಿತು. ಮೈಕು ಮುಂದಕ್ಕೆ ಹೋಯಿತು. ಮೇಸ್ತ್ರಿ ಅವಳ ತೋಳಿನ ಚರ್ಮ ಹಿಡಿದು ತಿರುವಿ ಕೂರಿಸಿದ. ಆ ಗುರುತು ಒಂದು ವಾರ ನೀಲಿಗಟ್ಟಿತ್ತು.

ಉತ್ತರ ಪುಸ್ತಕದಲ್ಲೇ ಇತ್ತು. ಮಗಳು ಓದಿ ಹೇಳಿದಳು. ಕಡಿಮೆ ಫಲಿತಾಂಶದ ಘಟಕಗಳನ್ನು ವಿಲೀನಗೊಳಿಸುವುದು. ಅಷ್ಟೇ, ಒಂದು ಸಾಲು. ಅಂದರೆ, ಸಂಜೆ ಕಾಲೇಜಿಗೆ ಈ ತಿಂಗಳ ಕೊನೆಗೆ ಬೀಗ. ಓದಬೇಕೆನ್ನುವವರು ಹಗಲು ಹೊತ್ತು, ಊರಾಚೆಯ ಕಾಲೇಜಿಗೆ ಹೋಗಬಹುದು.

“ಹಗಲು ಹೋದ್ರೆ ಹೊದಿಕೆ ಯಾರು ಹಿಂಡ್ತಾರಂತೆ?” ಎಂದು ತಾಯಿ ಕೇಳಿದಳು.

“ಅದು ಪುಸ್ತಕದಲ್ಲಿ ಇಲ್ಲಮ್ಮ,” ಎಂದಳು ಮಗಳು.

ಹೊಸ ಕುಲಪತಿ ಅಧಿಕಾರ ವಹಿಸಿಕೊಳ್ಳುವ ಹಿಂದಿನ ದಿನ ಸಂಜೆ ಐದಕ್ಕೆ, ಮಗಳೂ ಸೇರಿ, ಆ ಕಾಲೇಜಿನ ಅರವತ್ತು ಜನ ಬಂದು ಆ ಮೆಟ್ಟಿಲುಗಳ ಮೇಲೆ ಕೂತರು. ಘೋಷಣೆ ಕೂಗಲಿಲ್ಲ. ಪುಸ್ತಕ ತೆರೆದು ಓದುತ್ತ ಕೂತರು. ಕುಲಸಚಿವರು ಕೆಳಗೆ ಬಂದು, ಕಾಲೇಜು ಮುಚ್ಚುವುದಿಲ್ಲ ಎಂದು ಒಂದು ಮಾತು ಹೇಳಲಿ, ಏಳುತ್ತೇವೆ ಎಂದರು. ಕುಲಸಚಿವರು ಕೆಳಗೆ ಬರಲಿಲ್ಲ. ನಾಳೆಯ ಸಮಾರಂಭಕ್ಕೆ ಕ್ಯಾಮೆರಾದವರು ಬರುತ್ತಾರೆ, ಆರರೊಳಗೆ ಮೆಟ್ಟಿಲು ಖಾಲಿಯಾಗಬೇಕು ಎಂದು ಕಾವಲಿನವರಿಗೆ ಹೇಳಿ ಕಿಟಕಿ ಮುಚ್ಚಿಕೊಂಡರು.

ಕಾವಲಿನವರೂ ಗುತ್ತಿಗೆಯವರೇ. ಅವರಲ್ಲಿ ಒಬ್ಬನನ್ನು ಮಗಳು ಮೀಸೆ ಮಾವ ಎಂದು ಕರೆಯುತ್ತಿದ್ದಳು. ಅದೇ ಓಣಿಯವನು, ಎರಡು ಮನೆ ಆಚೆ. ಚಿಕ್ಕವಳಿದ್ದಾಗ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಓಣಿ ಸುತ್ತಿದವನು.

ಮೊದಲ ಏಟು ಯಾರಿಗೆ ಬಿತ್ತೋ ತಿಳಿಯದು. ಮೇಲಿನಿಂದ ಹೊಡೆಯುತ್ತ ಇಳಿದರು. ಓಡುವವರಿಗೆ ಬೆನ್ನಿಗೆ ಬಿತ್ತು, ಬಿದ್ದವರಿಗೆ ಹೊಟ್ಟೆಗೆ ಬಿತ್ತು. ಮಗಳು ಓಡಲಿಲ್ಲ. ಬಿದ್ದ ಹುಡುಗಿಯೊಬ್ಬಳ ಮೇಲೆ ಬಾಗಿ, ‘ಮಾವ, ಬೇಡ ಮಾವ’ ಎಂದಳು. ಆ ಬಾಯಿಗೇ ಅವನ ಲಾಠಿ ಬಿತ್ತು. ಎರಡು ಸಲ.

ಕುಳ್ಳಿ ಕಕ್ಕಸಿನ ಕಿಟಕಿಯಿಂದ ನೋಡಿದ್ದಳು. ಅವಳೇ ಓಣಿಗೆ ಓಡಿಬಂದು ಹೇಳಿದಳು.

ಆಸ್ಪತ್ರೆಯಲ್ಲಿ ಮೆಟ್ಟಿಲಮ್ಮನಿಗೆ ಮಗಳ ಗುರುತು ಹತ್ತಲಿಲ್ಲ. ಮುಖ ಕುಂಬಳಕಾಯಿಯಂತೆ ಊದಿತ್ತು. ಕೆಳದವಡೆ ಎರಡು ಕಡೆ ಮುರಿದಿತ್ತು. ಮುಂದಿನ ಹಲ್ಲು ಹೋಗಿದ್ದವು. ನಾಳೆ ಮಧ್ಯಾಹ್ನದೊಳಗೆ ಶಸ್ತ್ರಚಿಕಿತ್ಸೆ ಆಗಬೇಕು, ಇಲ್ಲದಿದ್ದರೆ ದವಡೆ ಸೊಟ್ಟ ಕೂಡುತ್ತದೆ ಎಂದು ವೈದ್ಯೆ ಹೇಳಿದಳು. ಅದಕ್ಕೆ ಕೆಲಸಗಾರರ ಆರೋಗ್ಯ ಕಾರ್ಡು ಬೇಕು. ಕಾರ್ಡಿನ ಮೇಲೆ ಈ ವರ್ಷದ್ದೆಂದು ಮೇಸ್ತ್ರಿಯ ಸಹಿ ಇರಬೇಕು. ಸಹಿ ಇರಲಿಲ್ಲ. ವರ್ಷದಿಂದ ಕೇಳುತ್ತಲೇ ಇದ್ದಳು, ಅವನು ನಾಳೆ ನಾಳೆ ಎನ್ನುತ್ತಲೇ ಇದ್ದ.

ಬೆಳಗ್ಗೆ ಅವನೇ ಫೋನು ಮಾಡಿದ. ಮಗಳು ಹೇಗಿದ್ದಾಳೆ ಎಂದು ಕೇಳಲಿಲ್ಲ. ಹತ್ತು ಗಂಟೆಗೆ ಹೊಸ ಸಾಹೇಬರು ಬರುತ್ತಾರೆ, ಮೆಟ್ಟಿಲು ಕನ್ನಡಿಯಾಗಬೇಕು ಎಂದ. ಸಹಿ ಎಂದಳು ಮೆಟ್ಟಿಲಮ್ಮ.

“ಮೊದ್ಲು ತೊಳಿ. ಆಮೇಲೆ ಸಹಿ.”

ಅವಳು ಹೋದಳು. ಹೋಗದೆ ಏನು ಮಾಡುತ್ತಾಳೆ. ಕಾರ್ಡನ್ನು ರವಿಕೆಯೊಳಗೆ ಇಟ್ಟುಕೊಂಡು, ಬಕೆಟ್ಟು ತುಂಬಿಕೊಂಡು ಮೇಲಿನ ಮೆಟ್ಟಿಲಿಗೆ ಹತ್ತಿದಳು. ಮಂಡಿಯೂರಿದಳು. ಸೋಪಿನ ನೀರು ಚೆಲ್ಲಿ ಉಜ್ಜತೊಡಗಿದಳು. ಉಳಿದ ಹೆಂಗಸರು ಕೆಳಗೆ ಅಂಗಳ ಗುಡಿಸುತ್ತಿದ್ದರು. ಮಗಳ ದವಡೆ, ಮಧ್ಯಾಹ್ನ, ಸಹಿ. ಮಗಳ ದವಡೆ, ಮಧ್ಯಾಹ್ನ, ಸಹಿ. ತಲೆಯಲ್ಲಿ ಬೇರೇನೂ ಇರಲಿಲ್ಲ. ಹದಿನೆಂಟು ಮೆಟ್ಟಿಲು ತೊಳೆದಳು.

ಹತ್ತೊಂಬತ್ತನೆಯದರಿಂದ ರಕ್ತ ಶುರುವಾಯಿತು. ರಾತ್ರಿಯೆಲ್ಲ ಒಣಗಿ ಕಂದಾಗಿತ್ತು. ಒಂದು ಕಡೆ ಕೈಯೂರಿದ ಅಚ್ಚು, ಐದು ಬೆರಳೂ ಕಾಣುವಂತೆ. ಒಂದು ಕಡೆ ಯಾರನ್ನೋ ಎಳೆದುಕೊಂಡು ಹೋದ ಗೆರೆ. ಅವಳು ಬಟ್ಟೆ ಅದ್ದಿ ಹಿಂಡಿದಳು. ಕಲ್ಲಿಗೆ ಕಲ್ಲು ಕೂಡುವ ಸಂದಿನಲ್ಲಿ ಏನೋ ಬೆರಳಿಗೆ ತಾಗಿತು. ಉಗುರಿನಿಂದ ಎಬ್ಬಿದಳು.

ಹಲ್ಲು. ಪಕ್ಕದಲ್ಲಿ ಇನ್ನೊಂದು. ಮೊದಲನೆಯದರ ಮೂಲೆ ಚೂರು ಮುಕ್ಕಾಗಿತ್ತು. ಮಗಳು ಏಳು ವರ್ಷದವಳಾಗಿದ್ದಾಗ ಹೊಸ ಹಲ್ಲು ಬಂದ ವಾರಕ್ಕೇ ನಲ್ಲಿಗೆ ಬಡಿಸಿಕೊಂಡು ಅತ್ತಿದ್ದಳು. ಇದೇ ಮುಕ್ಕು.

ಮೆಟ್ಟಿಲಮ್ಮ ಹಲ್ಲುಗಳನ್ನು ಎಡ ಅಂಗೈಯಲ್ಲಿಟ್ಟುಕೊಂಡು ಎದ್ದು ನಿಂತಳು. ಬಟ್ಟೆಯನ್ನು ಬಕೆಟ್ಟಿಗೆ ಎಸೆದಳು.

“ತೊಳೆಯಲ್ಲ.”

ಕೆಳಗೆ ನಿಂತಿದ್ದ ಮೇಸ್ತ್ರಿಗೆ ಕೇಳಿಸಲಿಲ್ಲ. ಏನು ಎಂದ.

“ತೊಳೆಯಲ್ಲ ಅಂದೆ. ಹೊಡ್ಸಿದವರು ಬಂದು ತೊಳೀಲಿ.”

ಅವನು ಎರಡೆರಡು ಮೆಟ್ಟಿಲು ಹತ್ತಿ ಬಂದ. ರಕ್ತದ ಮೇಲೆ ನಿನ್ನ ಮಗಳ ಹೆಸರು ಬರೆದಿದೆಯಾ ಎಂದು ಕೇಳಿದ. ಕಾರ್ಡು ನೆನಪಿದೆಯಾ ಎಂದ. ಅವಳು ಅಲ್ಲಾಡಲಿಲ್ಲ. ಅವನು ಅವಳ ತುರುಬು ಹಿಡಿದು ಬಗ್ಗಿಸಿದ, ಮುಖವನ್ನು ಕಲ್ಲಿಗೆ ಒತ್ತಿ ತಿಕ್ಕಿದ. ಬಟ್ಟೆಯಿಂದ ಆಗದಿದ್ದರೆ ಮೂತಿಯಿಂದ ಒರೆಸು ಎಂದ. ಮಗಳ ಒಣಗಿದ ರಕ್ತದ ವಾಸನೆ ಅವಳ ಮೂಗಿಗೆ ಹೋಯಿತು. ತುಟಿಗೆ ಹತ್ತಿತು.

ತಗಡಿನ ಬಕೆಟ್ಟು ಕೈಗೆ ಸಿಕ್ಕಿತು. ನೀರಿನ ಸಮೇತ ಬೀಸಿದಳು. ಬಕೆಟ್ಟಿನ ಅಂಚು ಅವನ ಹುಬ್ಬಿಗೆ ಬಿತ್ತು. ಮುಖ ಸೀಳಿತು. ಅವನು ಕೂತ. ಅವಳು ಮತ್ತೆ ಬೀಸಿದಳು. ಈ ಸಲ ಕೈ ಅಡ್ಡ ಇಟ್ಟ, ಬೆರಳು ಲಟಕ್ ಎಂದಿತು. ಅವನು ಚೀರಿದ್ದು ಕೇಳಿ ಬಾಗಿಲಿನ ಕಾವಲಿನವರು ಓಡಿಬಂದರು. ಮುಂದೆ ಇದ್ದವನು ಮೀಸೆ ಮಾವ.

ಅವನ ಕೈಯಲ್ಲಿ ನಿನ್ನೆಯ ಲಾಠಿಯೇ ಇತ್ತು. ಅವಳನ್ನು ನೋಡಿದ. ನೆಲ ನೋಡಿದ.

“ಕೆಳಗಿಡು ಅಕ್ಕ,” ಎಂದ.

“ಮಗಳ ಬಾಯಿ ಹೋಯ್ತು. ನನ್ದು ಏನು ಬೇಕು ನಿಂಗೆ?”

ಮೇಲಿನ ಕಿಟಕಿಯಿಂದ ಕುಲಸಚಿವರ ದನಿ ಬಂತು. ಏನು ನೋಡುತ್ತಾ ನಿಂತಿದ್ದೀರಿ, ಎಳೆದು ಹಾಕಿ ಎಂದು. ಮೀಸೆ ಮಾವ ಹಲ್ಲು ಕಚ್ಚಿ ಹೊಡೆದ. ಬಲಗಡೆಯ ಕೊರಳೆಲುಬು ಮುರಿದದ್ದು ಅಂಗಳದ ಹೆಂಗಸರಿಗೂ ಕೇಳಿಸಿತು. ಅವಳ ತೋಳು ಜೋತುಬಿತ್ತು. ಬಕೆಟ್ಟು ಉರುಳಿಕೊಂಡು ಒಂದೊಂದೇ ಮೆಟ್ಟಿಲು ಇಳಿಯಿತು.

ಅವನು ಎರಡನೆಯ ಸಲ ಎತ್ತುವಷ್ಟರಲ್ಲಿ ಕುಳ್ಳಿ ಬಂದಿದ್ದಳು. ಕಕ್ಕಸು ತೊಳೆಯುವ ಆಸಿಡ್ ಬಾಟಲಿ ಕೈಯಲ್ಲಿತ್ತು, ಬಿರಡೆ ಬಾಯಲ್ಲಿ. ಆ ಆಸಿಡನ್ನು ಮೆಟ್ಟಿಲ ಹತ್ತಿರ ತರಲೇಬಾರದೆಂದು ಮೊದಲಿನಿಂದಲೂ ಕಟ್ಟುನಿಟ್ಟಿನ ಆಜ್ಞೆ. ಅಮೃತಶಿಲೆಯನ್ನು ಅದು ತಿಂದುಬಿಡುತ್ತದೆ. ಕುಳ್ಳಿಯ ಎರಡೂ ಕೈ ಮೊಣಕೈ ತನಕ ಅದು ತಿಂದ ಗುರುತಿನಿಂದ ತುಂಬಿತ್ತು, ಅದಕ್ಕೆ ಆಜ್ಞೆ ಇರಲಿಲ್ಲ. ಅವಳು ಬಿರಡೆ ಉಗಿದಳು. ಕೂತಿದ್ದ ಮೇಸ್ತ್ರಿಯ ನೆತ್ತಿಯ ಮೇಲೆ ಬಾಟಲಿ ಹಿಡಿದಳು.

“ಅಕ್ಕ, ಕಾರ್ಡು ತೆಗಿ. ಮೇಸ್ತ್ರೀ, ಸಹಿ ಹಾಕು.”

ಅವನು ಹಾಕಿದ. ಬಲಗೈಯ ಬೆರಳು ಮುರಿದಿದ್ದರಿಂದ ಎಡಗೈಯಲ್ಲಿ ಹಾಕಿದ, ಹುಬ್ಬಿನ ರಕ್ತ ಕಾರ್ಡಿನ ಮೇಲೆ ತೊಟ್ಟಿಕ್ಕುತ್ತಿತ್ತು. ಕುಳ್ಳಿ ಸಹಿ ಸರಿಯಾಗಿದೆಯಾ ಎಂದು ಓದಲು ಬಾರದ ಕಣ್ಣಿನಿಂದ ತಿರುಗಿಸಿ ತಿರುಗಿಸಿ ನೋಡಿದಳು. ಗುಡಿಸುತ್ತಿದ್ದವರಲ್ಲಿ ಓಡಬಲ್ಲವಳನ್ನು ಕರೆದು ಕಾರ್ಡು ಕೊಟ್ಟು ಆಸ್ಪತ್ರೆಗೆ ಅಟ್ಟಿದಳು. ಆಮೇಲೆ ಬಾಟಲಿ ಬಗ್ಗಿಸಿ, ಹದಿನೆಂಟನೆಯ ಮೆಟ್ಟಿಲ ಉದ್ದಕ್ಕೂ ಸುರಿದಳು. ಕಲ್ಲು ಬುಸುಗುಟ್ಟಿತು. ನೊರೆ ಬಂತು, ಹೊಗೆ ಎದ್ದಿತು. ಆ ಗೆರೆಯ ಮೇಲುಗಡೆ ಕಾವಲಿನವರು, ಕೆಳಗಡೆ ಹೆಂಗಸರು.

“ದಾಟಿ ಬನ್ನಿ,” ಎಂದಳು. ಇನ್ನೊಂದು ಬಾಟಲಿ ಸೊಂಟದಲ್ಲಿತ್ತು.

ಯಾರೂ ದಾಟಲಿಲ್ಲ. ಹೆಂಗಸರು ಒಬ್ಬೊಬ್ಬರಾಗಿ ಪೊರಕೆ ಎಸೆದು ಬಂದು ರಕ್ತದ ಸುತ್ತ ಕೂತರು. ಮಧ್ಯದಲ್ಲಿ ಮೆಟ್ಟಿಲಮ್ಮ. ಹಲ್ಲು ಬಿಗಿಹಿಡಿದ ಎಡಗೈಯಿಂದ ಬಲಗೈಯನ್ನು ಎದೆಗೆ ಒತ್ತಿಕೊಂಡಿದ್ದಳು. ನೋವಿಗೆ ಬೆವರು ಸುರಿಯುತ್ತಿತ್ತು. ಆಸ್ಪತ್ರೆಗೆ ಹೋಗು ಎಂದು ಎಲ್ಲರೂ ಹೇಳಿದರು. ಸಾಹೇಬರು ಬರಲಿ ಎಂದಳು.

ಹತ್ತು ಗಂಟೆಗೆ ಕಾರು ಬಂತು. ಕ್ಯಾಮೆರಾದವರು, ಹೂವಿನ ಗುಚ್ಛದವರು, ಪ್ರಾಧ್ಯಾಪಕರು ಅಂಗಳದ ತುಂಬ ನಿಂತಿದ್ದರು. ಕುಲಸಚಿವರು ಹಿಂದಿನಿಂದ ಸುತ್ತಿ ಬಂದು ಕಾರಿನ ಬಾಗಿಲು ತೆರೆದರು. ಹೊಸ ಕುಲಪತಿ ಇಳಿದರು. ಸಣ್ಣ ಆಳು, ಮೆಲುಮಾತು, ಶುಭ್ರ ಬಟ್ಟೆ. ಮೆಟ್ಟಿಲು ನೋಡಿ ಇದೇನು ಎಂದು ಕೇಳಿದರು. ಕುಲಸಚಿವರು ಬಣ್ಣ ಚೆಲ್ಲಿದೆ ಸರ್ ಎಂದರು.

ಕುಲಪತಿ ಹತ್ತಿರ ಬಂದರು. ಈ ಸಲ ಮೆಟ್ಟಿಲಮ್ಮ ನೋಡಿದ್ದು ಬೂಟನ್ನಲ್ಲ, ಮುಖವನ್ನು. ಕೆಟ್ಟ ಮುಖವೇನಲ್ಲ. ಯಾರ ಮನೆಯ ಹಿರಿಯರ ಮುಖವಾದರೂ ಆಗಬಹುದಿತ್ತು. ಅವರು ಸಮಾಧಾನದಿಂದ ಹೇಳಿದರು:

“ನೋಡಿಯಮ್ಮ, ನಾನು ಇವತ್ತು ಬಂದವನು. ನಿಮ್ಮ ತೊಂದರೆ ಏನಿದ್ರೂ ಬರಹದಲ್ಲಿ ಕೊಡಿ. ಖಂಡಿತ ಪರಿಶೀಲಿಸ್ತೀನಿ.”

ಮೆಟ್ಟಿಲಮ್ಮ ಎಡ ಅಂಗೈ ಬಿಚ್ಚಿ ಚಾಚಿದಳು.

“ನಮ್ಮನೇಲಿ ಬರೆಯೋಳು ಒಬ್ಳೇ ಸ್ವಾಮಿ. ಅವಳ ಹಲ್ಲು ಇವು. ನಿಮ್ಮ ಪುಸ್ತಕದಲ್ಲಿ ಒಂದು ಸಾಲು ಇದೆಯಂತಲ್ಲ, ಅದಕ್ಕೆ ಉದುರಿದ್ದು.”

ಕ್ಯಾಮೆರಾದವರು ನುಗ್ಗಿದರು. ಕುಲಪತಿಯ ಕಣ್ಣು ಅಂಗೈಗೆ ಬಂದು, ಅಲ್ಲಿ ನಿಲ್ಲಲಾರದೆ ಪಕ್ಕಕ್ಕೆ ಸರಿಯಿತು. ಬೇರೆ ದಾರಿ ಇದೆಯಾ ಎಂದು ಕುಲಸಚಿವರನ್ನು ಕೇಳಿದರು. ಇತ್ತು. ಕಕ್ಕಸಿನ ಓಣಿ ದಾಟಿ, ಕಸದ ಡಬ್ಬಿಗಳ ನಡುವೆ ಹೋಗುವ ಸಣ್ಣ ಬಾಗಿಲು. ವಿಶ್ವವಿದ್ಯಾಲಯದ ಆರನೆಯ ಕುಲಪತಿ ಕರವಸ್ತ್ರದಿಂದ ಮೂಗು ಮುಚ್ಚಿಕೊಂಡು ಅಲ್ಲಿಂದ ಒಳಗೆ ಹೋಗಿ ಅಧಿಕಾರ ವಹಿಸಿಕೊಂಡರು.

ಪೊಲೀಸರು ಬಂದದ್ದು ಆಮೇಲೆ. ಹನ್ನೊಂದು ಹೆಂಗಸರನ್ನು ಕೂದಲು ಹಿಡಿದು, ಕಾಲು ಹಿಡಿದು ಎಳೆದು ಗಾಡಿಗೆ ತುಂಬಿದರು. ಮುರಿದ ಎಲುಬಿನ ಕಡೆಯೇ ಹಿಡಿದು ಎತ್ತಿದಾಗ ಮೆಟ್ಟಿಲಮ್ಮನಿಗೆ ಪ್ರಜ್ಞೆ ತಪ್ಪಿತು. ನೀರಿನ ಟ್ಯಾಂಕರು ತಂದು ಮೆಟ್ಟಿಲಿಗೆ ಕೊಳವೆ ಬಿಟ್ಟರು. ರಕ್ತ ಹೋಯಿತು. ಆಸಿಡ್ ತಿಂದ ಗೆರೆ ಹೋಗಲಿಲ್ಲ. ಅದರ ಮೇಲೆ ರತ್ನಗಂಬಳಿ ಹಾಸಿದರು.

ಹನ್ನೊಂದು ಜನರ ಕೆಲಸವೂ ಅವತ್ತೇ ಹೋಯಿತು. ಕಾರ್ಡು ಹಿಡಿದು ಆಸ್ಪತ್ರೆಗೆ ಓಡಿದ್ದವಳದು ಮರುದಿನ ಹೋಯಿತು. ಕಾವಲಿನವನು ತನ್ನ ಬುದ್ಧಿಯಿಂದ ಹೊಡೆದದ್ದು, ವಿಶ್ವವಿದ್ಯಾಲಯಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ಕುಲಸಚಿವರು ಪತ್ರಿಕೆಗೆ ಹೇಳಿದರು. ಮೀಸೆ ಮಾವನ ಕೆಲಸವೂ ಹೋಯಿತು. ಸಂಜೆ ಕಾಲೇಜಿಗೆ ತಿಂಗಳು ತುಂಬುವ ಮೊದಲೇ ಬೀಗ ಬಿತ್ತು. ಓದುವವರು ಬೀಗ ಒಡೆದು ಪಾಠಕ್ಕೆ ಕೂತರು. ಮತ್ತೆ ಬೀಗ ಬಿತ್ತು. ಗಾರೆಯವರು ಸುತ್ತಿಗೆ ತಂದು ಬಾಗಿಲನ್ನೇ ಕಿತ್ತರು. ಕೊನೆಗೆ ಈ ವರ್ಷದ ಮಟ್ಟಿಗೆ ನಡೆಯಲಿ ಎಂದು ನೋಟೀಸು ಅಂಟಿಸಿದರು. ಮುಂದಿನ ವರ್ಷದ ಮಾತು ಅದರಲ್ಲಿರಲಿಲ್ಲ.

ಪೊಲೀಸರು ಎಳೆದೊಯ್ದ ಮೂರನೆಯ ದಿನವೇ ಮೆಟ್ಟಿಲಮ್ಮನನ್ನು ಠಾಣೆಯಿಂದ ಬಿಟ್ಟರು. ತೋಳಿಗೆ ಜೋಳಿಗೆ ಕಟ್ಟಿಕೊಂಡೇ ಆಸ್ಪತ್ರೆಗೆ ಬಂದಳು. ವಾರ್ಡಿನ ಬಾಗಿಲಲ್ಲಿ ಮೀಸೆ ಮಾವ ಕುಕ್ಕರಗಾಲಿನಲ್ಲಿ ಕೂತಿದ್ದ. ನಂಗೂ ಮಕ್ಕಳಿದ್ದಾವೆ ಅಕ್ಕ ಎಂದ. ಗೊತ್ತು, ಅವರ ಬಾಯಿ ಜೋಪಾನ ಎಂದು ಅವನನ್ನು ದಾಟಿ ಒಳಗೆ ಹೋದಳು.

ಮಗಳ ದವಡೆ ಸರಿಯಾಗಿ ಕೂತಿತ್ತು. ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ತಂತಿ ಹಾಕಿ ಬಿಗಿದಿದ್ದರು. ಆರು ವಾರ ಬಾಯಿ ತೆರೆಯುವ ಹಾಗಿಲ್ಲ. ತಾಯಿಯ ತೋಳು ನೋಡಿ ಅವಳ ಕಣ್ಣಲ್ಲಿ ನೀರು ಬಂತು. ತಾಯಿ ಒರೆಸಿದಳು, ಎಡಗೈಯಿಂದ, ಒಡ್ಡೊಡ್ಡಾಗಿ.

ಮಧ್ಯಾಹ್ನ ಒಬ್ಬ ಪೊಲೀಸಿನವನು ಬಂದ. ಹೇಳಿಕೆ ಬೇಕು ಎಂದ. ಬರೆದುಕೊಂಡೇ ಬಂದಿದ್ದ. ಮಗಳಿಗೆ ಮಾತಾಡಲು ಬರುವುದಿಲ್ಲವಲ್ಲ, ತಾಯಿಯ ಹೆಬ್ಬೆಟ್ಟು ಆದರೆ ಸಾಕು ಎಂದು ಶಾಯಿಯ ಡಬ್ಬಿ ತೆರೆದ. ಮೆಟ್ಟಿಲಮ್ಮನ ಎಡಗೈ ಹಿಡಿದು ಒತ್ತಿಸಿದ. ಹಾಳೆಯ ಮೇಲೆ ಬರೀ ಕಪ್ಪು ಚುಕ್ಕೆ ಮೂಡಿತು. ಗೆರೆಗಳೇ ಇಲ್ಲ. ಇಪ್ಪತ್ತಾರು ವರ್ಷದ ಸೋಪಿನ ನೀರಿನಲ್ಲಿ ಬೆರಳ ಗೆರೆ ಕರಗಿಹೋಗಿದ್ದವು. ಅವನು ಇನ್ನೊಂದು ಸಲ ಒತ್ತಿಸಿದ. ಮತ್ತೂ ಚುಕ್ಕೆ. ಇದೇನು ಬೆರಳೋ ಬೆಣಚುಕಲ್ಲೋ ಎಂದು ಗೊಣಗಿದ.

“ಏನು ಬರೆದಿದೆ ಅದರಲ್ಲಿ?” ಎಂದು ಕೇಳಿದಳು ಮೆಟ್ಟಿಲಮ್ಮ.

ಆದದ್ದೇ ಬರೆದಿದೆ ಎಂದ ಅವನು.

ಮಗಳು ಕೈ ಚಾಚಿ ಹಾಳೆ ಕಿತ್ತುಕೊಂಡಳು. ಓದಿದಳು. ಮೆಟ್ಟಿಲು ಒದ್ದೆಯಾಗಿದ್ದರಿಂದ ಕಾಲು ಜಾರಿ ಬಿದ್ದು ದವಡೆ ಮುರಿದಿದೆ ಎಂದಿತ್ತು. ಅವಳು ಪೊಲೀಸಿನವನ ಜೇಬಿನಿಂದ ಪೆನ್ನು ಎಳೆದುಕೊಂಡಳು. ಆ ಸಾಲಿನ ಮೇಲೆ ಒಂದು ಗೀಟು ಎಳೆದಳು, ಹಾಳೆ ಹರಿಯುವಷ್ಟು ಒತ್ತಿ. ಹಾಳೆ ಮಗುಚಿ ಬರೆಯತೊಡಗಿದಳು. ಹೊದಿಕೆ ಹಿಂಡಿ ಹಿಂಡಿ ಬಲಿತ ಕೈ. ಅಕ್ಷರ ದುಂಡಗೆ, ದಪ್ಪಗೆ ಬರುತ್ತಿತ್ತು. ಮೆಟ್ಟಿಲಮ್ಮನಿಗೆ ಒಂದೂ ಓದಲು ಬರಲಿಲ್ಲ. ಪೆನ್ನು ಎಲ್ಲೂ ನಿಲ್ಲದೆ ಓಡುವುದನ್ನು ನೋಡುತ್ತ ಕೂತಳು.

ಅರ್ಧ ಗಂಟೆಯಾಯಿತು. ಪೊಲೀಸಿನವನು ಕಾಲು ಬದಲಾಯಿಸಿದ, ಗಡಿಯಾರ ನೋಡಿದ, ಸಾಕಮ್ಮ ಎಂದ. ಹಾಳೆ ತುಂಬಿತ್ತು. ಮಗಳು ಅವನ ಕಡೆ ನೋಡದೆ ಇನ್ನೊಂದು ಹಾಳೆಗೆ ಕೈ ಚಾಚಿದಳು.